‘ಹಸು ಮಾರಾಟಕ್ಕಿದೆ’ ಎಂದು ಬರೆಯುವ ಮುನ್ನ



ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಯಾವ ಊರಿನ ವಾಟ್ಸಾಪ್ ಗುಂಪು ತೆರೆದು ನೋಡಿದರೂ ಆಗಾಗ ಈ ಮಾತು ಕಣ್ಣಿಗೆ ಬೀಳುತ್ತದೆ: “ಒಳ್ಳೆ ಹಸು ಮಾರಾಟಕ್ಕಿದೆ. 20 ಲೀಟರ್ ಗ್ಯಾರಂಟಿ. ಆಸಕ್ತರು ಸಂಪರ್ಕಿಸಿ.” ಜೊತೆಗೊಂದು ಫೋಟೊ. ಅದರಲ್ಲಿ ಕತ್ತಲೆ ಕೊಟ್ಟಿಗೆ, ಹಸುವಿನ ಅರ್ಧ ಮೈ, ಹಗ್ಗ ಹಿಡಿದು ನಿಂತ ಹುಡುಗನ ಪೂರ್ತಿ ಮೈ.

ಮೂರು ದಿನ ಕಾದರೂ ಒಂದು ಫೋನು ಬರುವುದಿಲ್ಲ. ನಾಲ್ಕನೇ ದಿನ ದಲ್ಲಾಳಿ ಬರುತ್ತಾನೆ. “ಯಾರೂ ಕೇಳ್ತಿಲ್ಲ ಗೌಡ್ರೇ, ನಾನಾಗಿದ್ದಕ್ಕೆ ಬಂದೆ” ಎನ್ನುತ್ತಾನೆ. ಮಗಳ ಕಾಲೇಜು ಫೀಸಿಗೋ ಸಂಘದ ಸಾಲಕ್ಕೋ ದುಡ್ಡು ಬೇಕಾಗಿರುವ ಮನೆಯವರು ಅವನು ಹೇಳಿದ ಬೆಲೆಗೆ ಹಗ್ಗ ಬಿಚ್ಚಿ ಕೊಡುತ್ತಾರೆ. ಹಸುವಿನಲ್ಲಿ ಏನೂ ಕೊರತೆ ಇರಲಿಲ್ಲ. ಬರೆದ ಮೂರು ಸಾಲಿನಲ್ಲಿ ಕೊರತೆ ಇತ್ತು.

ಹಾಲನ್ನು ಮಾರಲು ನೀವು ಜಾಹೀರಾತು ಬರೆಯಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಂಘಕ್ಕೆ ಹೋದರೆ ಸಾಕು, ಮುಂದಿನ ಮಾರಾಟದ ಕೆಲಸ ಒಕ್ಕೂಟದ್ದು ಮತ್ತು ಮಹಾಮಂಡಳಿಯದ್ದು. ಆದರೆ ಹಸು, ಕಡಸು, ಕೊಟ್ಟಿಗೆ ಗೊಬ್ಬರ, ರಸಮೇವು, ಮನೆಯಲ್ಲಿ ಕಾಯಿಸಿದ ತುಪ್ಪ ಇವನ್ನು ಮಾರುವವರು ನೀವೇ. ಆದ್ದರಿಂದ ಈ ಸಂಚಿಕೆಯ ಪಾಠ, ಕೊಳ್ಳುವವರು ನಂಬುವ ಹಾಗೆ ನಾಲ್ಕು ಸಾಲು ಬರೆಯುವುದು ಹೇಗೆ ಎಂಬುದು. ಹೆಚ್ಚು ಓದಿರಬೇಕೆಂದಿಲ್ಲ. ಸಂಘದ ಚೀಟಿ ಓದಲು ಬರುವವರಿಗೆಲ್ಲ ಇದು ಬರುತ್ತದೆ.

ಮೊದಲು ಪೆನ್ನು ಕೆಳಗಿಟ್ಟು, ನೀವೇ ಹಿಂದೆ ಹಸು ಕೊಂಡ ದಿನವನ್ನು ನೆನಪು ಮಾಡಿಕೊಳ್ಳಿ. ಆ ಮನೆಯ ಕೊಟ್ಟಿಗೆಯಲ್ಲಿ ನಿಂತು ಏನೇನು ಕೇಳಿದಿರಿ? ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನವಾಯಿತು, ಹೊತ್ತಿಗೆ ಎಷ್ಟು ಹಾಲು, ಒದೆಯುತ್ತದೆಯೇ, ಹಾಯುತ್ತದೆಯೇ, ಕೆಚ್ಚಲು ಬಾವು ಆಗಿತ್ತೇ, ಹಲ್ಲು ಎಷ್ಟು, ಯಾಕೆ ಮಾರುತ್ತಿದ್ದೀರಿ. ಸುಳಿ ಎಲ್ಲಿದೆ ಎಂದೂ ಕೆಲವರು ಕೇಳುತ್ತಾರೆ. ಸುಳಿಗೂ ಹಾಲಿಗೂ ಸಂಬಂಧವಿಲ್ಲ, ಆದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಕೊಳ್ಳುವವರ ಈ ಪ್ರಶ್ನೆಗಳಿಗೆ ಉತ್ತರ ಬರೆದರೆ ಅದೇ ನಿಮ್ಮ ಜಾಹೀರಾತು. ಅದಕ್ಕೆ ಅಲಂಕಾರ ಬೇಕಾಗಿಲ್ಲ. ಒಂದು ಮಾದರಿ ನೋಡಿ:

“ಎಚ್.ಎಫ್. ಮಿಶ್ರತಳಿ ಹಸು, ಎರಡನೇ ಸೂಲು. ಕರು ಹಾಕಿ 40 ದಿನ, ಹೆಣ್ಣು ಕರು ಜೊತೆಗಿದೆ. ಈಗ ಬೆಳಿಗ್ಗೆ 8, ಸಂಜೆ 6 ಲೀಟರ್. ಕೈಯಲ್ಲೂ ಮಿಷನ್‌ನಲ್ಲೂ ಕರೆಯಬಹುದು. ಹೊಸಬರು ಕೂತರೆ ಒಂದೆರಡು ದಿನ ಕಾಲು ಎತ್ತುತ್ತದೆ, ಆಮೇಲೆ ನಿಲ್ಲುತ್ತದೆ. ಹೋದ ಸೂಲಿನಲ್ಲಿ ಎಡಗಡೆ ಹಿಂದಿನ ಮೊಲೆಗೆ ಒಂದು ಸಲ ಕೆಚ್ಚಲು ಬಾವು ಬಂದು ವಾಸಿಯಾಗಿದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದೆ, ಕಿವಿ ಓಲೆ ಇದೆ. ಮೇವು ಸಾಲದ್ದರಿಂದ ಮೂರು ಹಸುವಿನಲ್ಲಿ ಇದೊಂದನ್ನು ಕೊಡುತ್ತಿದ್ದೇವೆ. ಬೆಲೆ 62 ಸಾವಿರ, ನೋಡಿ ಮಾತಾಡೋಣ. ಬೆಳಿಗ್ಗೆ 6 ಗಂಟೆಗೆ ಬಂದರೆ ನಿಮ್ಮ ಕಣ್ಣೆದುರೇ ಕರೆಯುತ್ತೇವೆ.”

ಇದರಲ್ಲಿ ‘ಒಳ್ಳೆಯ’ ಎಂಬ ಪದ ಒಂದು ಕಡೆಯೂ ಇಲ್ಲ. ಆದರೂ ಓದಿದವರಿಗೆ ಹಸು ಕಣ್ಣ ಮುಂದೆ ನಿಲ್ಲುತ್ತದೆ.

ಕೆಚ್ಚಲು ಬಾವಿನ ವಿಷಯ ಯಾಕೆ ಬರೆಯಬೇಕು, ಅದು ನಮಗೇ ನಷ್ಟವಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಕೊಳ್ಳುವವರು ತಿಳಿದವರಾಗಿದ್ದರೆ ಕೆಚ್ಚಲು ಮುಟ್ಟಿ ನೋಡಿಯೇ ಕಂಡುಹಿಡಿಯುತ್ತಾರೆ. ಆಗ ನೀವು ಹೇಳಿದ ಉಳಿದ ಎಂಟು ಮಾತುಗಳೂ ಅನುಮಾನಕ್ಕೆ ಬೀಳುತ್ತವೆ. ನೀವೇ ಮೊದಲು ಹೇಳಿದ್ದರೆ ಲೆಕ್ಕ ತಿರುಗುತ್ತದೆ. ಕೊರತೆಯನ್ನು ಮುಚ್ಚಿಡದವರು ಲೀಟರ್ ಲೆಕ್ಕದಲ್ಲೂ ಸುಳ್ಳು ಹೇಳಿರಲಾರರು ಎಂದು ಎದುರಿನವರು ಅಂದುಕೊಳ್ಳುತ್ತಾರೆ. ಮಾರುವ ಕಾರಣದ ವಿಷಯವೂ ಹಾಗೆಯೇ. ಕಾರಣ ಬರೆಯದಿದ್ದರೆ ಓದುವವರು ತಾವೇ ಒಂದನ್ನು ಊಹಿಸಿಕೊಳ್ಳುತ್ತಾರೆ, ಅದು ಗಬ್ಬ ನಿಲ್ಲದ ಹಸು ಎಂಬುದೇ ಆಗಿರುತ್ತದೆ.

ಇನ್ನು ‘20 ಲೀಟರ್ ಗ್ಯಾರಂಟಿ’ ಎಂಬ ಮಾತು. ಹಸು ಕರು ಹಾಕಿದ ಮೇಲೆ ಹಾಲು ಏರುತ್ತಾ ಹೋಗಿ ಸುಮಾರು ಆರರಿಂದ ಎಂಟು ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ತಿಂಗಳು ತಿಂಗಳೂ ಇಳಿಯುತ್ತದೆ. ಆದ್ದರಿಂದ ದಿನ ಹೇಳದೆ ಲೀಟರ್ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಗ್ಯಾರಂಟಿ ಕೊಡುವುದಂತೂ ನಿಮ್ಮ ಕೈಯಲ್ಲಿಲ್ಲ. ಜಾಗ, ನೀರು, ಮೇವು, ಕರೆಯುವ ಕೈ ಬದಲಾದರೆ ಹಾಲೂ ಬದಲಾಗುತ್ತದೆ.

ಇಂಥ ಒಂದು ಜಗಳ ಸಂಘದ ಕಟ್ಟೆಯ ಮೇಲೆ ನಡೆದದ್ದನ್ನು ನಾನೇ ಕಂಡಿದ್ದೇನೆ. ನೀರಾವರಿ ಇರುವ ಕಡೆಯವರು 18 ಲೀಟರ್ ಕೊಡುತ್ತಿದ್ದ ಹಸುವನ್ನು ಬಯಲು ಸೀಮೆಯವರಿಗೆ ಮಾರಿದ್ದರು. ಅಲ್ಲಿಗೆ ಹೋದ ಹದಿನೈದು ದಿನಕ್ಕೆ ಹಾಲು 11ಕ್ಕೆ ಇಳಿಯಿತು. ಕೊಂಡವರು ಮೋಸವೆಂದರು, ಕೊಟ್ಟವರು ದೇವರಾಣೆ ಇಲ್ಲವೆಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಲ್ಲಿ ದಿನವೂ ಹಸಿ ಜೋಳ ಮತ್ತು ಎಂಟು ಕೆ.ಜಿ. ಪಶು ಆಹಾರ ತಿನ್ನುತ್ತಿದ್ದ ಹಸು, ಅಲ್ಲಿ ರಾಗಿ ಹುಲ್ಲು ಮತ್ತು ಒಂದಿಷ್ಟು ಬೂಸಾದ ಮೇಲೆ ನಿಂತಿತ್ತು. ಎರಡು ಮನೆಯವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಮಾರುವಾಗ ‘ದಿನಕ್ಕೆ ಇಷ್ಟು ಪಶು ಆಹಾರ, ಇಷ್ಟು ಹಸಿ ಮೇವು ಹಾಕುತ್ತಿದ್ದೇವೆ’ ಎಂಬ ಒಂದು ಸಾಲು ಇದ್ದಿದ್ದರೆ ಆ ಮನಸ್ತಾಪ ಬರುತ್ತಿರಲಿಲ್ಲ. ಮೇಲಿನ ಮಾದರಿಯಲ್ಲೂ ಆ ಸಾಲು ಇಲ್ಲ, ನೀವು ಗಮನಿಸಿದಿರೋ ಇಲ್ಲವೋ. ‘ಬೆಳಿಗ್ಗೆ 8, ಸಂಜೆ 6 ಲೀಟರ್’ ಎಂಬುದರ ಪಕ್ಕದಲ್ಲೇ ಅದನ್ನು ಸೇರಿಸಿಕೊಳ್ಳಿ.

ಮನೆಯಲ್ಲಿ ಕರೆಯುವ ಹಸು ಒಂದೇ ಆಗಿದ್ದರೆ ಸಂಘದ ಹಾಲಿನ ಚೀಟಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಲೀಟರ್, ಜಿಡ್ಡು, ಎಸ್.ಎನ್.ಎಫ್. ಎಲ್ಲ ದಿನಾಂಕದ ಸಮೇತ ಅದರಲ್ಲಿರುತ್ತದೆ. ಒಂದು ವಾರದ ಚೀಟಿಗಳನ್ನು ಸಾಲಾಗಿಟ್ಟು ಫೋಟೊ ತೆಗೆದು ಹಾಕಿ. ಮನೆಗೆ ಇಟ್ಟುಕೊಂಡ ಹಾಲು ಎಷ್ಟು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಎರಡು ಮೂರು ಹಸು ಇದ್ದರೆ ಚೀಟಿ ಎಲ್ಲದರ ಮೊತ್ತ ಹೇಳುತ್ತದೆ, ಆಗ ಎದುರಿಗೇ ಕರೆದು ತೋರಿಸುವುದೊಂದೇ ದಾರಿ.

ಹೆಸರಿಗೂ ಬಲವಿದೆ ಎಂಬುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೈಸೂರು ಅರಸರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ‘ಅಮೃತ್ ಮಹಲ್’ ಆಯಿತು. ದನ ಅವೇ, ಕಾವಲು ಅವೇ, ಹೆಸರು ಮಾತ್ರ ಮೇಲಕ್ಕೇರಿತು, ಇವತ್ತಿಗೂ ಉಳಿಯಿತು. ಆದರೆ ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುವಾಗ ಹೋಗಿ ನೋಡಿ. ಬಂದ ರೈತರು ಹೆಸರು ಕೇಳಿ ಕೂಗುವುದಿಲ್ಲ. ಕೊಂಬು, ಗೊರಸು, ನಡಿಗೆ, ಜೋಡಿ ಹೊಂದುತ್ತದೆಯೋ ಇಲ್ಲವೋ ಎಂದು ಸುತ್ತು ಹೊಡೆದು ನೋಡಿ, ಆಮೇಲೆ ಬಾಯಿ ಬಿಡುತ್ತಾರೆ. ಹೆಸರು ಅವರನ್ನು ಅಲ್ಲಿಯವರೆಗೆ ಕರೆತಂದಿತು, ಅಷ್ಟೇ.

ಮಾತು ಯಾರ ಬಾಯಿಂದ ಬರುತ್ತದೆ ಎಂಬುದೂ ಮುಖ್ಯ. ನಂದಿನಿಗಾಗಿ ಡಾ. ರಾಜ್‌ಕುಮಾರ್ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಪುನೀತ್ ರಾಜ್‌ಕುಮಾರ್ ಅವರೂ ಅದೇ ದಾರಿಯಲ್ಲಿ ನಡೆದರು. ದುಡ್ಡಿಗಾಗಿ ಹೇಳುತ್ತಿಲ್ಲ, ರೈತರಿಗಾಗಿ ಹೇಳುತ್ತಿದ್ದಾರೆ ಎಂಬುದು ಜನಕ್ಕೆ ಗೊತ್ತಿತ್ತು. ನಿಮ್ಮ ಕಡಸಿಗೆ ಸಿನಿಮಾ ನಟರು ಬರುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ನಿಮ್ಮಿಂದಲೇ ಕಡಸು ಕೊಂಡ ಪಕ್ಕದೂರಿನವರು ಇದ್ದಾರೆ. ಅವರ ಒಪ್ಪಿಗೆ ಪಡೆದು, “ಇದರ ಅಕ್ಕನನ್ನು ಕೊಂಡವರನ್ನು ಕೇಳಿ ನೋಡಿ” ಎಂದು ಒಂದು ಸಾಲು ಬರೆಯಿರಿ. ಒಪ್ಪಿಗೆ ಇಲ್ಲದೆ ಯಾರ ಹೆಸರನ್ನೂ ನಂಬರನ್ನೂ ಗುಂಪಿಗೆ ಹಾಕಬೇಡಿ.

ಬೆಲೆಯ ವಿಷಯಕ್ಕೆ ಬರೋಣ. 2024ರ ಜೂನ್ 26ರಿಂದ ನಂದಿನಿ ಹಾಲಿನ ಅರ್ಧ ಲೀಟರ್ ಪೊಟ್ಟಣಕ್ಕೆ 50 ಮಿ.ಲೀ. ಹೆಚ್ಚಿಗೆ ತುಂಬಿ, ಬೆಲೆಯನ್ನು 2 ರೂಪಾಯಿ ಹೆಚ್ಚಿಸಲಾಯಿತು. 22 ರೂಪಾಯಿಗೆ 500 ಮಿ.ಲೀ. ಇದ್ದದ್ದು 24 ರೂಪಾಯಿಗೆ 550 ಮಿ.ಲೀ. ಆಯಿತು. ಲೆಕ್ಕ ಹಾಕಿದರೆ ಲೀಟರಿಗೆ 44 ರೂಪಾಯಿ ಇದ್ದದ್ದು 43 ರೂಪಾಯಿ 60 ಪೈಸೆಯ ಹತ್ತಿರ ಬರುತ್ತದೆ, ಅಂದರೆ ಹೆಚ್ಚಾಗಲಿಲ್ಲ. ಹಾಗೆಂದು ಹೇಳಿದ್ದೂ ಆಯಿತು. ಆದರೆ ಊರೆಲ್ಲ ಆಡಿದ ಮಾತು ‘ಹಾಲಿಗೆ ಎರಡು ರೂಪಾಯಿ ಜಾಸ್ತಿ’ ಎಂಬುದೇ. ಬೆಳಿಗ್ಗೆ ಅಂಗಡಿಯಲ್ಲಿ ಮಿಲಿ ಲೀಟರ್ ಲೆಕ್ಕ ಹಾಕಿ ದುಡ್ಡು ಕೊಡುವವರಿಲ್ಲ, ಪೊಟ್ಟಣಕ್ಕೆ ಎಷ್ಟು ಎಂದು ನೋಡಿ ಕೊಡುತ್ತಾರೆ. ಇದು ನಮ್ಮದೇ ಮನೆಯ ಅನುಭವವಾದ್ದರಿಂದ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ. ಕೊಳ್ಳುವವರು ಯಾವ ಅಳತೆಯಲ್ಲಿ ದುಡ್ಡು ಎಣಿಸುತ್ತಾರೋ ಆ ಅಳತೆಯಲ್ಲೇ ಬೆಲೆ ಬರೆಯಿರಿ. ಬೆಲೆ ಬರೆಯದೆ ಬಿಟ್ಟರೆ ಹೆಚ್ಚು ಜನ ಫೋನು ಮಾಡುತ್ತಾರೆ ಎಂಬ ಲೆಕ್ಕಾಚಾರ ಕೆಲವರದ್ದು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಸುಮ್ಮನೆ ವಿಚಾರಿಸುವವರು ಹೆಚ್ಚುತ್ತಾರೆ, ನಿಜವಾಗಿ ಕೊಳ್ಳುವವರು ಬೆಲೆ ಇದ್ದ ಕಡೆಗೆ ಹೋಗುತ್ತಾರೆ.

ಇದಕ್ಕೆ ಗೊಬ್ಬರ ಒಳ್ಳೆಯ ಉದಾಹರಣೆ. ತರೀಕೆರೆ ಕಡೆಯ ಅಡಿಕೆ ತೋಟಗಳಿಗೆ, ಬೀರೂರು ಕಡೂರಿನ ತೆಂಗಿನ ತೋಟಗಳಿಗೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ‘ಉತ್ತಮ ಗುಣಮಟ್ಟದ ಸಾವಯವ ಗೊಬ್ಬರ ದೊರೆಯುತ್ತದೆ’ ಎಂದು ಬೋರ್ಡು ಬರೆಸುವವರಿದ್ದಾರೆ. ತೋಟದವರಿಗೆ ಈ ಮಾತಿನಿಂದ ಏನೂ ತಿಳಿಯುವುದಿಲ್ಲ. ಅವರ ತಲೆಯಲ್ಲಿರುವ ಭಯವೇ ಬೇರೆ: ಹಸಿ ಗೊಬ್ಬರ ತಂದರೆ ಅದರ ಜೊತೆ ಗೊಣ್ಣೆ ಹುಳವೂ ಬರುತ್ತದೆ, ತೆಂಗಿನ ಸುಳಿ ಕೊರೆಯುವ ದುಂಬಿ ಮೊಟ್ಟೆ ಇಡುವುದೂ ತಿಪ್ಪೆಯಲ್ಲೇ. ಆ ಭಯಕ್ಕೆ ಉತ್ತರ ಬರೆಯಿರಿ. “ಆರು ತಿಂಗಳು ಗುಂಡಿಯಲ್ಲಿ ಕಳಿತ ಗೊಬ್ಬರ. ಎರಡು ಸಲ ತಿರುವಿ ಹಾಕಿ ಹುಳ ಆರಿಸಿದ್ದೇವೆ. ಪ್ಲಾಸ್ಟಿಕ್ ಇಲ್ಲ. ಟ್ರ್ಯಾಕ್ಟರ್ ಲೋಡಿಗೆ ಇಷ್ಟು, ತುಂಬಿಸುವ ಕೂಲಿ ನಮ್ಮದು, ಬಾಡಿಗೆ ನಿಮ್ಮದು. ಬಂದು ಕೈಯಲ್ಲಿ ಹಿಡಿದು ನೋಡಿ.” ಇದನ್ನು ಮಳೆಗಾಲ ಹಿಡಿಯುವ ಒಂದು ತಿಂಗಳು ಮುಂಚೆ ಹಾಕಬೇಕು. ಮಳೆ ಬಿದ್ದ ಮೇಲೆ ತೋಟಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ, ನಿಮ್ಮ ಬರಹ ಎಷ್ಟು ಚೆನ್ನಾಗಿದ್ದರೂ ಗೊಬ್ಬರ ಗುಂಡಿಯಲ್ಲೇ ಉಳಿಯುತ್ತದೆ. ಬರೆದದ್ದು ನಿಜವೂ ಆಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ತಿರುವಿ ಹಾಕದ ತಿಪ್ಪೆಗೆ ಈ ಮಾತು ಬರೆದರೆ ಮುಂದಿನ ವರ್ಷ ಆ ತೋಟದ ಗೇಟು ನಿಮಗೆ ತೆರೆಯುವುದಿಲ್ಲ.

‘ಉತ್ತಮ’, ‘ಶ್ರೇಷ್ಠ’, ‘ನಂಬರ್ ಒನ್’ ಮುಂತಾದ ಪದಗಳಿಗೆ ಒಂದು ಪರೀಕ್ಷೆ ಇದೆ. ನೀವು ಬರೆದ ಸಾಲನ್ನು ಎದುರುಮನೆಯವರು ತಮ್ಮ ಹಸುವಿಗೂ ಹಾಗೇ ಬರೆದುಕೊಳ್ಳಬಹುದೇ? ಬರೆದುಕೊಳ್ಳಬಹುದಾದರೆ ಆ ಸಾಲು ತೆಗೆದುಬಿಡಿ. ‘ಒಳ್ಳೆ ಹಸು’ ಎಂದು ಯಾರೂ ಬರೆಯಬಹುದು. ‘ಕರು ಹಾಕಿ 40 ದಿನ, ಸಂಜೆ 6 ಲೀಟರ್’ ಎಂದು ಎಲ್ಲರೂ ಬರೆಯಲಾಗುವುದಿಲ್ಲ. ಜಾಹೀರಾತು ಲೋಕದಲ್ಲಿ ದೊಡ್ಡ ಹೆಸರು ಮಾಡಿದ ಡೇವಿಡ್ ಓಗಿಲ್ವಿ ಮೊದಲು ಸ್ಕಾಟ್ಲೆಂಡಿನಲ್ಲಿ ಮನೆ ಮನೆಗೆ ಹೋಗಿ ಅಡುಗೆ ಒಲೆ ಮಾರುತ್ತಿದ್ದವರು. ಆ ಒಲೆ ಮಾರುವುದು ಹೇಗೆಂದು ಜೊತೆಯ ಮಾರಾಟಗಾರರಿಗಾಗಿ 1935ರಲ್ಲಿ ಅವರು ಬರೆದ ಕೈಪಿಡಿ ಇವತ್ತಿಗೂ ಹೆಸರುವಾಸಿ. ಬಾಗಿಲಲ್ಲಿ ನಿಂತು ಗೃಹಿಣಿಯರ ಪ್ರಶ್ನೆ ಕೇಳಿಸಿಕೊಂಡವರಿಗೆ ಬರೆಯುವುದು ಸುಲಭವಾಯಿತು. ಸಂತೆಯಲ್ಲಿ ದನ ಕೊಟ್ಟು ತಂದ ನಿಮಗೂ ಆ ಅನುಭವ ಕಡಿಮೆ ಇಲ್ಲ.

ತುಪ್ಪದ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿಯಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಕಾನೂನಿದೆ. ಪೂರ್ತಿ ಹಾಲನ್ನು ಸಂಘಕ್ಕೆ ಹಾಕುವ ಸದಸ್ಯರಿಗೆ ಆ ಹಾಲಿಗಾಗಿ ಆಹಾರ ಸುರಕ್ಷತಾ ನೋಂದಣಿ ಬೇಕಾಗಿಲ್ಲ. ಆದರೆ ಮನೆಯಲ್ಲೋ ಸ್ತ್ರೀಶಕ್ತಿ ಗುಂಪಿನಲ್ಲೋ ತುಪ್ಪ ಕಾಯಿಸಿ ಹೊರಗೆ ಮಾರುವುದಾದರೆ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಡಬ್ಬಿಯ ಮೇಲೆ ಹಾಕಬೇಕು. ನಂದಿನಿ ಹೆಸರನ್ನಾಗಲಿ ಚಿಹ್ನೆಯನ್ನಾಗಲಿ ಮನೆ ತುಪ್ಪಕ್ಕೆ ಬಳಸುವಂತಿಲ್ಲ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಪದಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’, ‘ಮಂಡಿನೋವು ಮಾಯ’ ಎಂದು ಬರೆಯುವುದು ದೊಡ್ಡ ತಪ್ಪು. ಔಷಧಿಯಂತೆ ಪ್ರಚಾರ ಮಾಡುವುದನ್ನು ತಡೆಯುವ ಕಾಯಿದೆ 1954ರಿಂದಲೇ ಇದೆ, ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಸೇರಿದೆ.

‘ಎ2 ತುಪ್ಪ’ ಎಂದು ಬರೆಯಬಹುದೇ ಎಂದು ಅನೇಕರು ಕೇಳಿದ್ದಾರೆ. ಹಾಲಿನ ಮೇಲಿನ ಎ1, ಎ2 ಹೇಳಿಕೆಗಳನ್ನು ತೆಗೆಯಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟ್ 21ರಂದು ಆದೇಶಿಸಿ, ಇನ್ನಷ್ಟು ಚರ್ಚೆ ಬೇಕೆಂದು ಆಗಸ್ಟ್ 26ರಂದು ಅದನ್ನು ಹಿಂಪಡೆಯಿತು. ಆದೇಶ ಏನೇ ಇರಲಿ, ಎ1, ಎ2 ಎಂಬುದು ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ ವ್ಯತ್ಯಾಸ. ತುಪ್ಪವೆಂದರೆ ಹೆಚ್ಚುಕಡಿಮೆ ಪೂರ್ತಿ ಜಿಡ್ಡು. ಅದರಲ್ಲಿ ಇಲ್ಲದ ಪ್ರೋಟೀನಿನ ಹೆಸರಿನಲ್ಲಿ ದುಡ್ಡು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. “ನಾಟಿ ಹಸುವಿನ ಹಾಲು. ಹೆಪ್ಪು ಹಾಕಿ, ಮೊಸರು ಕಡೆದು ತೆಗೆದ ಬೆಣ್ಣೆ. ಈ ತಿಂಗಳ 12ರಂದು ಸೌದೆ ಒಲೆಯಲ್ಲಿ ಕಾಯಿಸಿದ್ದು. ಒಟ್ಟು ಇರುವುದು 6 ಕೆ.ಜಿ.” ಎಂದು ನಡೆದದ್ದನ್ನು ನಡೆದ ಹಾಗೆ ಬರೆದರೆ ಪೇಟೆಯವರು ತಾವಾಗಿ ಕೇಳಿಕೊಂಡು ಬರುತ್ತಾರೆ. ‘ಇರುವುದು 6 ಕೆ.ಜಿ.’ ಎಂಬ ಮಾತು ಬೇಗ ಫೋನು ಮಾಡಿಸುತ್ತದೆ. ಆದರೆ ಒಳಗೆ ಇನ್ನೂ 20 ಕೆ.ಜಿ. ಇಟ್ಟುಕೊಂಡು ಬರೆಯಬೇಡಿ. ಊರಿನಲ್ಲಿ ಡಬ್ಬಿಗಳ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ.

ಸಂಘದ ಕಾರ್ಯದರ್ಶಿಗಳಿಗೂ ಒಂದು ಮಾತು. ನೀವು ಬರೆಯುವ ನೋಟಿಸೂ ಒಂದು ಬಗೆಯ ಜಾಹೀರಾತೇ, ಅಲ್ಲಿ ಮಾರಬೇಕಾದದ್ದು ಒಂದು ಕೆಲಸ. “ಈ ಮೂಲಕ ಸಂಘದ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಕಾಲುಬಾಯಿ ಜ್ವರದ ಲಸಿಕಾ ಕಾರ್ಯಕ್ರಮವನ್ನು ಹಮ್ಮಿಕೊಂಡಿದ್ದು, ಸದರಿ ಕಾರ್ಯಕ್ರಮದ ಸದುಪಯೋಗ ಪಡೆದುಕೊಳ್ಳತಕ್ಕದ್ದು” ಎಂದು ಹಲಗೆಗೆ ಅಂಟಿಸಿದರೆ, ಹಾಲು ಹಾಕಲು ಬಂದವರು ಮೊದಲ ಸಾಲು ದಾಟುವಷ್ಟರಲ್ಲಿ ಕ್ಯಾನು ತೊಳೆದು ಮನೆಗೆ ಹೋಗಿರುತ್ತಾರೆ. ಲಸಿಕೆ ಹಾಕಿಸದವರು ಸೋಮಾರಿಗಳಲ್ಲ. ಸೂಜಿ ಚುಚ್ಚಿದರೆ ಹಾಲು ಇಳಿಯುತ್ತದೆ, ಗಬ್ಬ ಹೋಗುತ್ತದೆ ಎಂಬ ಹೆದರಿಕೆ ಅವರದು. ನೋಟಿಸು ಆ ಹೆದರಿಕೆಗೆ ಉತ್ತರ ಕೊಡಬೇಕು: “ಗುರುವಾರ ಬೆಳಿಗ್ಗೆ 7ಕ್ಕೆ ಡಾಕ್ಟರು ನಿಮ್ಮ ಬೀದಿಗೇ ಬರುತ್ತಾರೆ. ಹಸು ಕಟ್ಟಿರಿ, ಬಿಡಬೇಡಿ. ಲಸಿಕೆಗೆ ದುಡ್ಡಿಲ್ಲ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು, ಆಮೇಲೆ ಮೊದಲಿನಂತಾಗುತ್ತದೆ. ಕಾಲುಬಾಯಿ ಜ್ವರ ಬಂದರೆ ಇಳಿದ ಹಾಲು ಆ ಸೂಲಿನಲ್ಲಿ ತಿರುಗಿ ಬರುವುದೇ ಕಷ್ಟ. ಗಬ್ಬದ ಹಸು ಇದ್ದರೆ ಎಷ್ಟು ತಿಂಗಳೆಂದು ಡಾಕ್ಟರಿಗೆ ಮೊದಲೇ ಹೇಳಿ.” ಇಳಿಯುವುದಿಲ್ಲ ಎಂದು ಸುಳ್ಳು ಬರೆದು, ಮಾರನೇ ದಿನ ಅರ್ಧ ಲೀಟರ್ ಇಳಿದರೆ, ಆರು ತಿಂಗಳ ನಂತರ ಡಾಕ್ಟರು ಬಂದಾಗ ಆ ಬೀದಿಯಲ್ಲಿ ಬಾಗಿಲು ತೆರೆಯುವುದಿಲ್ಲ.

ಫೋಟೊ ತೆಗೆಯುವಾಗ ಹಸುವನ್ನು ಬೆಳಕಿಗೆ ತನ್ನಿ, ಮೈ ತೊಳೆಯಿರಿ. ಪಕ್ಕದಿಂದ ಒಂದು, ಹಿಂದಿನಿಂದ ಕೆಚ್ಚಲು ಕಾಣುವಂತೆ ಒಂದು, ಮುಖದ್ದು ಒಂದು ಸಾಕು. ಫೇಸ್‌ಬುಕ್‌ನ ಮಾರುಕಟ್ಟೆ ವಿಭಾಗದಲ್ಲಿ ಪ್ರಾಣಿಗಳ ಮಾರಾಟಕ್ಕೆ ಅವಕಾಶವಿಲ್ಲ, ಅಲ್ಲಿ ಹಾಕಿ ಅಳಿಸಿಹೋಯಿತೆಂದು ಬೇಸರಪಡಬೇಡಿ. ಯಾರಾದರೂ ಹಸು ನೋಡದೆಯೇ ಮುಂಗಡ ಕಳಿಸುತ್ತೇನೆ, ಕೋಡ್ ಸ್ಕ್ಯಾನ್ ಮಾಡಿ ಎಂದರೆ ಫೋನು ಇಟ್ಟುಬಿಡಿ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವ ಅಗತ್ಯ ಯಾವತ್ತೂ ಇಲ್ಲ, ಪಿನ್ ಒತ್ತುವ ಅಗತ್ಯವೂ ಇಲ್ಲ.

ಬರೆದಾದ ಮೇಲೆ ಮನೆಯಲ್ಲಿ ಹಸು ಕರೆಯುವವರಿಗೆ ಗಟ್ಟಿಯಾಗಿ ಓದಿ ಹೇಳಿ. ಬಹಳ ಮನೆಗಳಲ್ಲಿ ಅದು ಹೆಣ್ಣುಮಕ್ಕಳ ಕೆಲಸ, ಹಸುವಿನ ಗುಣ ಅವರಿಗೆ ಗೊತ್ತಿರುವಷ್ಟು ಬರೆಯುವ ಗಂಡಸರಿಗೆ ಗೊತ್ತಿರುವುದಿಲ್ಲ. “ಸಂಜೆ 6 ಎಲ್ಲಿ ಬಂತು, ಐದೂವರೆ ಬರೀರಿ” ಎಂದು ಅವರು ತಿದ್ದಿದರೆ ಐದೂವರೆ ಎಂದೇ ಹಾಕಿ. ಹಸು ಮಾರಿದ ದಿನ ಗುಂಪಿನಲ್ಲಿ ‘ಮಾರಾಟವಾಗಿದೆ’ ಎಂದು ತಿಳಿಸಿ, ಕಿವಿ ಓಲೆಯ 12 ಅಂಕಿಯ ಸಂಖ್ಯೆಗೆ ಹೊಸ ಮಾಲೀಕರ ಹೆಸರು ಸೇರಿಸಲು ಪಶು ಆಸ್ಪತ್ರೆಯಲ್ಲಿ ಹೇಳಿ. ವಿಮೆ ಇದ್ದರೆ ಅದರ ಕಾಗದವನ್ನೂ ಅದೇ ವಾರ ನೋಡಿಕೊಳ್ಳಿ.